ಅಪ್ಪನ ಗಾಡಿಯ ಕಾರ್ಬ್ಯುರೇಟರಿನ ವಿಚಾರಣೆ

ಹಳೆಯ ಮೋಟರ್‌ಸೈಕಲ್ಲುಗಳ ಬಗ್ಗೆ ಅವುಗಳ ಯಜಮಾನರು ಹೇಳುವುದನ್ನು ನಾನು ನಂಬುವುದಿಲ್ಲ. ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಕಿರುಚಾಡಿದ ಪರಿಣಾಮವೋ ಏನೋ, ಯಾರಾದರೂ ‘ಯಾವತ್ತೂ’ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಗುತ್ತದೆ. ನಮ್ಮ ಮನೆಯ ಗಾಡಿಯ ಬಗ್ಗೆ ಅಪ್ಪನ ಅಧಿಕೃತ ಹೇಳಿಕೆ ಶುರುವಾಗುವುದೇ ಆ ಪದದಿಂದ. “ಯಾವತ್ತೂ ಕೈ ಕೊಟ್ಟಿಲ್ಲ. ಮದುವಿ ಆದ ಹೊಸದಾಗಿ ನಿಮ್ಮವ್ವನ್ನ ಹಿಂದ ಕೂಡಿಸ್ಕೊಂಡು ಧಾರವಾಡದಿಂದ ಪುಣೆತನಕಾ ಬಂದೀನಿ, ಎಲ್ಲೂ ನಿಂತಿಲ್ಲ. ಒಂದ ನಟ್ಟು ಬದಲಿ ಮಾಡಿಲ್ಲ. ಎಲ್ಲಾ ಕಂಪನಿ ಫಿಟಿಂಗು.” ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಒಮ್ಮೆ ಅಡ್ಡಪ್ರಶ್ನೆ ಹಾಕಿದ್ದೆ: “ಎಲ್ಲೂ ನಿಂತಿಲ್ಲ ಅಂದ್ರ, ಚಹಾಕ್ಕೂ ನಿಂತಿಲ್ಲೇನು?” ಅಪ್ಪ ಪೇಪರಿನಿಂದ ತಲೆ ಎತ್ತದೆ ಹೇಳಿದ: “ಚಹಾಕ್ಕ ನಿಂತಾಂವ ನಾನು. ಗಾಡಿ ಅಲ್ಲ.” ಇಂಥ ತಂದೆಯ ಮಗಳು ಚರ್ಚಾಸ್ಪರ್ಧೆಗೆ ಹೋಗದೆ ಭರತನಾಟ್ಯಕ್ಕೆ ಹೋಗಲು ಸಾಧ್ಯವಿತ್ತೇ?

ಇಂಥ ನಿಷ್ಕಳಂಕ ಗಾಡಿ ಹೋದ ತಿಂಗಳು ನಿಂತಲ್ಲೇ ಪೆಟ್ರೋಲ್ ತೊಟ್ಟಿಕ್ಕತೊಡಗಿತು. ನಂತರ ಚಾಲೂ ಆಗುವುದನ್ನೇ ಬಿಟ್ಟಿತು. ಅಪ್ಪ ಇದನ್ನು ಸೋರಿಕೆ ಎಂದು ಒಪ್ಪಲಿಲ್ಲ. “ಸೆಕಿಗೆ ಬೆವರತದ” ಎಂದ. ಪುಣೆಯ ಖಡಕಿಯಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಮಾತ್ರ ಪಾರ್ಕಿಂಗಿನಲ್ಲಿ ಮೂಗು ಮುಚ್ಚಿಕೊಂಡು ನಿಂತು, ಬೆವರಿಗೆ ಬೆಂಕಿ ಹತ್ತುವುದಿಲ್ಲ ಎಂದು ತಿಳಿಸಿದರು. ಅದೇ ವಾರ ಕೋರೆಗಾಂವ್ ಪಾರ್ಕಿನ ಕೆಫೆಯೊಂದರ ಮಾಲೀಕ, ದಾಡಿ ಬಿಟ್ಟ ಹುಡುಗ, ಗಾಡಿ ನೋಡಲು ಬಂದ. ಅದನ್ನು ಕಾಫಿ ಮಷಿನ್ನಿನ ಮೇಲೆ ಗೋಡೆಗೆ ತೂಗುಹಾಕಿ, ಹೆಡ್‌ಲೈಟಿನಲ್ಲಿ ಹಳದಿ ಬಲ್ಬು ಹಚ್ಚುವುದು ಅವನ ಕನಸಂತೆ. ಅಪ್ಪ ತುಸು ಹೊತ್ತು ಸೀಟು ಒರೆಸಿದ. ಆಮೇಲೆ, “ಬರೋ ರವಿವಾರದೊಳಗ ಚಾಲೂ ಆಗಲಿಲ್ಲಂದ್ರ ಒಯ್ರಿ” ಎಂದುಬಿಟ್ಟ.

ಲೈಸನ್ಸು ಸಿಕ್ಕ ದಿನದಿಂದ ಆ ಗಾಡಿಯ ಮೇಲೆ ಕಣ್ಣಿಟ್ಟವಳು ನಾನು. ಚಿಂಚವಾಡದ ನನ್ನ ಆಫೀಸಿನ ಪಾರ್ಕಿಂಗಿನಲ್ಲಿ ಸ್ಕೂಟಿಗಳ ನಡುವೆ ಅದನ್ನು ನಿಲ್ಲಿಸಿ, ಹೆಲ್ಮೆಟ್ ತೆಗೆದು ಕೂದಲು ಕೊಡವುವ ದೃಶ್ಯವನ್ನು ಮನಸ್ಸಿನಲ್ಲಿ ಹಲವು ಕೋನಗಳಿಂದ ನೋಡಿಕೊಂಡಿದ್ದೆ. “ನಾ ಚಾಲೂ ಮಾಡ್ತೀನಿ” ಎಂದು ಅಲ್ಲೇ ಘೋಷಿಸಿದೆ. “ಮಾಡವ್ವಾ” ಎಂದ ಅಪ್ಪ.

ಕಾರ್ಬ್ಯುರೇಟರು ಕಷ್ಟದ ವಿಷಯವೇನಲ್ಲ. ಮಾಳಿಗೆಯ ಮೇಲಿನ ನೀರಿನ ಟಾಕಿಯಲ್ಲಿ ತೇಲುವ ಚೆಂಡು ಇರುತ್ತದಲ್ಲ, ಇಲ್ಲಿಯೂ ಅಂಥದೇ ಒಂದು ಪುಟ್ಟ ಟಾಕಿ, ತೇಲುವ ಡಬ್ಬಿ, ಅದರ ತಲೆಯ ಮೇಲೆ ಪೆಟ್ರೋಲಿನ ದಾರಿ ಮುಚ್ಚುವ ಸೂಜಿ. ಸೂಜಿ ಸವೆದರೆ ಟಾಕಿ ತುಂಬಿ ಸೋರುತ್ತದೆ. ಬಾಲ್ಕನಿಯಲ್ಲಿ ಪೇಪರು ಹಾಸಿ ಎಲ್ಲ ಬಿಚ್ಚಿದೆ. ಸೂಜಿಯ ತುದಿಯಲ್ಲಿ ಉಂಗುರದಂತೆ ಗೀರು ಬಿದ್ದಿತ್ತು. ಗಾಳಿಯ ದಾರಿಯಲ್ಲಿ ಮೇಲೆ ಕೆಳಗೆ ಆಡುವ ಸ್ಲೈಡು, ಅತ್ತೆಯ ಬಳೆ ಸೊಸೆಯ ಕೈಯಲ್ಲಿ ಆಡಿದಂತೆ ಲೊಡಲೊಡ ಆಡುತ್ತಿತ್ತು. ರೋಗ ಸಿಕ್ಕಿತು. ಮದ್ದಿಗೆ ನಾನಾ ಪೇಟೆಯ ಬಿಡಿಭಾಗಗಳ ಅಂಗಡಿಗೆ ಹೋದೆ.

ಪುಣೆಯ ಅಂಗಡಿಕಾರರಿಗೆ ಗಿರಾಕಿಯೊಡನೆ ಮಾತಾಡುವುದಕ್ಕಿಂತ ಫಲಕ ಬರೆಯುವುದು ಇಷ್ಟ. ಆ ಅಂಗಡಿಯ ಗಲ್ಲೆಯ ಮೇಲೆ ಮರಾಠಿಯಲ್ಲಿ ಎರಡಿದ್ದವು. ಒಂದು: ‘ಹಳೆ ಪಾರ್ಟ್ ತೋರಿಸದೆ ಹೊಸದನ್ನು ಕೇಳಬಾರದು.’ ಇನ್ನೊಂದು: ‘ಈ ಬಗ್ಗೆ ವಾದಿಸಬಾರದು. ಮೇಲಿನ ಫಲಕವನ್ನು ಯೋಚಿಸಿಯೇ ಬರೆದಿದ್ದೇವೆ.’ ಎರಡನೆಯದನ್ನು ಓದಿದ ಮೇಲೆ ವಾದಿಸದೆ ಇರುವುದು ನನ್ನಿಂದ ಹೇಗೆ ಸಾಧ್ಯ? “ಜುನಾ ಪಾರ್ಟ್ ಕುಠೆ?” ಎಂದರು ಕನ್ನಡಕದ ಕಾಕಾ. ಹಳೆಯದನ್ನು ನಾನು ತಂದಿರಲಿಲ್ಲ. ಕಂಪನಿಯ ಮ್ಯಾನ್ಯುಯಲ್ ತಂದಿದ್ದೆ. ಸವೆದ ವಸ್ತು ಎಂದರೇನೇ ತನ್ನ ಅಳತೆ ಕಳೆದುಕೊಂಡ ವಸ್ತು, ಅಂಥದ್ದನ್ನು ಸಾಕ್ಷಿಗೆ ಕರೆಯುವುದು ತರ್ಕಕ್ಕೆ ವಿರುದ್ಧ, ಮ್ಯಾನ್ಯುಯಲ್ಲಿನ ಪಾರ್ಟ್ ನಂಬರು ಸವೆಯುವುದಿಲ್ಲ ಎಂದು ಮರಾಠಿಯಲ್ಲಿ ಐದು ನಿಮಿಷ ಮಂಡಿಸಿದೆ. ಹಿಂದೆ ನಿಂತಿದ್ದ ಗಿರಾಕಿಯೊಬ್ಬ ತಲೆದೂಗಿದ. ಕಾಕಾ ಎದ್ದು ಹೋಗಿ ಡಬ್ಬಿ ತಂದು ಮುಂದಿಟ್ಟರು. “ಘ್ಯಾ. ಪರತ್ ಘೇಣಾರ್ ನಾಹೀ.” ತೆಗೆದುಕೊಳ್ಳಿ, ವಾಪಸು ಮಾತ್ರ ಇಲ್ಲ. ವಿಜಯಿಯಾಗಿ ಮನೆಗೆ ಬಂದೆ.

ಹೊಸ ಸ್ಲೈಡು ಒಳಗೆ ಹೋಗಲಿಲ್ಲ. ಎಣ್ಣೆ ಹಚ್ಚಿದೆ, ತಿರುಗಿಸಿದೆ, ತಯಾರಿಸಿದವರ ಪ್ರಾಮಾಣಿಕತೆಯನ್ನು ಸಂಶಯಿಸಿದೆ, ಅಂಗಡಿಯ ಕಾಕಾ ಸೇಡು ತೀರಿಸಿಕೊಂಡರೆಂದೂ ಸಂಶಯಿಸಿದೆ. ಶುಕ್ರವಾರ ಸಂಜೆ ಆಗಿತ್ತು. ಪಕ್ಕದಲ್ಲಿ ಕೂತು ಮೆಂತ್ಯೆಸೊಪ್ಪು ಸೋಸುತ್ತಿದ್ದ ಅವ್ವ ನನ್ನ ಪರದಾಟವನ್ನು ನೋಡಿ ನೋಡಿ ಕೊನೆಗೆ ಬಾಯಿ ಬಿಟ್ಟಳು.

“ಆ ಕಾರ್ಬ್ಯುರೇಟರು ಈ ಗಾಡೀದಲ್ಲ. ನಿಪ್ಪಾಣಿ ಹತ್ರ ಗಾಡಿ ನಿಂತಿತ್ತು. ಅಲ್ಲೇ ಒಬ್ಬಾಂವ ಬ್ಯಾರೆ ಯಾವುದೋ ಗಾಡೀದು ಬಿಚ್ಚಿ ಇದಕ್ಕ ಹಾಕಿಕೊಟ್ಟ. ಮೂರು ತಾಸು, ಬಿಸಲಾಗ, ನಾ ರೇಷ್ಮಿ ಸೀರಿ ಉಟಗೊಂಡು ಟ್ರಂಕಿನ ಮ್ಯಾಲ ಕೂತಿದ್ದೆ.”

“ಇಷ್ಟ ವರ್ಷ ಯಾಕ ಹೇಳಲಿಲ್ಲ ನೀ?”

“ನನ್ನ ಯಾವಾಗ ಕೇಳಿದಿ? ನಿಂದೆಲ್ಲಾ ವಾದ ಅಪ್ಪನ ಕೂಡಾನ.”

ನಾನು ಅಪ್ಪನ ಹೇಳಿಕೆಯ ಮೊದಲ ಅರ್ಧವನ್ನು ಬಾಲ್ಯದಿಂದ ಸಂಶಯಿಸುತ್ತ ಬಂದವಳು, ‘ಕಂಪನಿ ಫಿಟಿಂಗು’ ಎಂಬ ಉಳಿದರ್ಧವನ್ನು ವೇದವಾಕ್ಯವೆಂದು ಹಿಡಿದು ಸಾಮಾನು ತಂದಿದ್ದೆ. ಸಂಶಯವಾದಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಒಳಗೆ ಹೋಗಿ ಅಪ್ಪನನ್ನು ಕಟಕಟೆಗೆ ಹತ್ತಿಸಿದೆ. “ಒಂದ ನಟ್ಟು ಬದಲಿ ಮಾಡಿಲ್ಲ ಅಂದಿದ್ದಿ.” ಅಪ್ಪ ಶಾಂತವಾಗಿ ಹೇಳಿದ: “ಹೌದ. ಕಾರ್ಬ್ಯುರೇಟರ್ ನಟ್ಟೇನು?”

ಶನಿವಾರ ಬೆಳಿಗ್ಗೆ ಹಳೆಯ ಸೂಜಿ, ಸ್ಲೈಡುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ನಾನಾ ಪೇಟೆಗೆ ಹೋಗಿ, ತುಟಿ ಬಿಚ್ಚದೆ ಗಲ್ಲೆಯ ಮೇಲೆ ಇಟ್ಟೆ. ಕಾಕಾ ಕನ್ನಡಕ ಹಣೆಗೇರಿಸಿ ಅವನ್ನು ನೋಡಿದರು, ನನ್ನನ್ನು ನೋಡಿದರು, ಬೇರೆ ಡಬ್ಬಿ ತಂದರು. ಒಂದು ಮಾತೂ ಆಡಲಿಲ್ಲ. ಎದುರಾಳಿ ಗೆದ್ದ ಮೇಲೆ ಸುಮ್ಮನಿರುವುದು ಎಷ್ಟು ಉರಿಯುತ್ತದೆಂದು ಅಂದು ತಿಳಿಯಿತು. ಸ್ಲೈಡು ಈ ಸಲ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು.

ರವಿವಾರ ಒಂಬತ್ತಕ್ಕೆ ಕೆಫೆಯ ಹುಡುಗ ಟೆಂಪೋ ತಂದ, ಹಗ್ಗದ ಸಮೇತ. ನಾನು ಕಿಕ್ ಹೊಡೆದೆ. ಇಲ್ಲ. ಮತ್ತೆ ಹೊಡೆದೆ. ಹುಡುಗ ಹಗ್ಗ ಬಿಚ್ಚತೊಡಗಿದ. ಅಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಏಳನೆಯ ಕಿಕ್ಕಿಗೆ ಗಾಡಿ ಕೆಮ್ಮಿತು, ಹೊಗೆ ಉಗುಳಿತು, ಆಮೇಲೆ ತನ್ನ ಹಳೆಯ ದನಿಯಲ್ಲಿ ಮಾತಾಡತೊಡಗಿತು. ಕೆಳಗೆ ಬಗ್ಗಿ ನೋಡಿದೆ. ಒಂದು ಹನಿಯೂ ಇಲ್ಲ. “ಚಾಲೂ ಗಾಡಿ ಯಾರರ ಗ್ವಾಡಿಗೆ ತೂಗು ಹಾಕ್ತಾರೇನ್ರಿ?” ಎಂದು ಅಪ್ಪ ಹುಡುಗನ ಬೆನ್ನು ತಟ್ಟಿ ಕಳಿಸಿದ. ಅಪ್ಪನ ಕಣ್ಣು ತುಸು ತೇವವಾಗಿತ್ತು, ಹೊಗೆ ಎಂದ. ಅದೊಂದನ್ನು ಮಾತ್ರ ನಾನು ಪ್ರಶ್ನಿಸಲಿಲ್ಲ.

ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅಪ್ಪ ಸೀಟಿನ ಮೇಲೆ ಕೂತು, ಅವ್ವನಿಗೆ ಹಿಂದೆ ಹತ್ತಲು ಹೇಳುತ್ತಿದ್ದ. “ಅಪ್ಪಾ, ಮಾತಿನ ಪ್ರಕಾರ ಗಾಡಿ ಈಗ ನಂದು” ಎಂದೆ.

“ಯಾವ ಮಾತು? ಚಾಲೂ ಆಗಲಿಲ್ಲಂದ್ರ ಕೆಫೆದಾವಂಗ ಅಂದಿದ್ದೆ. ಚಾಲೂ ಆದ್ರ ಯಾರಿಗೆ ಅಂತ ಏನರ ಅಂದೀನೇನು?”

ಅಂದಿರಲಿಲ್ಲ. ಮಳೆ ಬಂದರೆ ಅಂಗಳ ಒದ್ದೆ ಎಂದ ಮಾತ್ರಕ್ಕೆ, ಮಳೆ ಬಾರದಿದ್ದರೆ ಅಂಗಳ ಒಣಗಿಯೇ ಇರುತ್ತದೆ ಎಂದು ಸಾಧಿಸಿದಂತಾಗುವುದಿಲ್ಲ ಎಂದು ಜೂನಿಯರುಗಳಿಗೆ ಬೋರ್ಡಿನ ಮೇಲೆ ಬರೆದು ಕಲಿಸಿದವಳು ನಾನೇ. ಸ್ವಂತ ಹಣ, ಸ್ವಂತ ಉಗುರು ಕಳೆದುಕೊಂಡು, ಯಾರೂ ಕೊಡದ ಮಾತನ್ನು ಒಂದು ವಾರ ನಂಬಿ ದುಡಿದಿದ್ದೆ. ಅವ್ವ ಸೆರಗು ಸುತ್ತಿಕೊಂಡು ಕೂತಳು. ಗಾಡಿ ಗೇಟಿನ ಕಡೆ ಹೊರಟಿತು. ನಾನು ಹಿಂದೆಯೇ ಓಡುತ್ತ ಅಪ್ಪನ ಬೆನ್ನಿಗೆ ಕೂಗಿದೆ:

“ಅಪ್ಪಾ, ನಾಳೆ ಒಂದ ದಿವಸ, ಆಫೀಸಿಗೆ ಒಯ್ಲೇನು?”