ಎಡ ಶೆಡ್ಡಿನ ಮೇಲೊಂದು ಕಣ್ಣು

ಮದುವೆಯಾದ ಇಪ್ಪತ್ತಾರನೆಯ ವರ್ಷದಲ್ಲಿ ಯಜಮಾನರಿಗೆ ಹೆಂಡತಿಯ ಮೇಲೆ ಅನುಮಾನ ಹುಟ್ಟಿತು. ಕಾರಣ, ಅವಳ ಕೋಳಿಗಳು ಆರೋಗ್ಯವಾಗಿದ್ದವು.

(ಅದಕ್ಕೂ ಮೊದಲು ಅವರು ಅನುಮಾನವೇ ಪಡದ ಸಾಧು ಪ್ರಾಣಿ ಎಂದುಕೊಳ್ಳಬೇಡಿ. ತಕ್ಕಡಿಯ ಮೇಲೆ, ಹವಾಮಾನ ವರದಿಯ ಮೇಲೆ, ತಮ್ಮದೇ ಕೈಗಡಿಯಾರದ ಮೇಲೆ ಅವರಿಗೆ ಅನುಮಾನ ಇದ್ದೇ ಇತ್ತು. ಹೆಂಡತಿಯ ಸರದಿ ಸ್ವಲ್ಪ ತಡವಾಗಿ ಬಂತು, ಅಷ್ಟೆ.)

ಅವರ ಮನೆಯ ಹಿಂದೆ ಎರಡು ಶೆಡ್ಡು, ಒಂದೊಂದರಲ್ಲಿ ನಾನೂರು ಮೊಟ್ಟೆಕೋಳಿ. ಮೇವಿನ ಕೋಣೆಯ ಕಪಾಟಿನಲ್ಲಿ ಒಂದು ಆಂಟಿಬಯಾಟಿಕ್ ಪುಡಿಯ ಡಬ್ಬಿ. ಕೋಳಿ ಸೀನಿದರೆ ಡಬ್ಬಿ ತೆರೆಯುತ್ತಿತ್ತು. ಮೋಡ ಕವಿದರೆ ತೆರೆಯುತ್ತಿತ್ತು. ಯಾವ ಕೋಳಿಯೂ ಸೀನದಿದ್ದರೆ, ‘ಇದೇಕೋ ಸರಿಯಿಲ್ಲ’ ಎಂದು ಅವತ್ತೂ ತೆರೆಯುತ್ತಿತ್ತು. ಹಿಂದೊಮ್ಮೆ ರೋಗ ಬಂದು ಒಂದೇ ವಾರದಲ್ಲಿ ಒಂದು ಶೆಡ್ಡಿಗೆ ಶೆಡ್ಡೇ ಖಾಲಿಯಾಗಿತ್ತು. ಆ ವಾರ ಸತ್ತ ಕೋಳಿಗಳನ್ನು ಹೂಳಲು ಅವರು ಒಬ್ಬರೇ ಗುಂಡಿ ತೋಡಿದ್ದನ್ನು ಹೆಂಡತಿ ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು. ಹಾಗಾಗಿ ಗಂಡನ ಎಲ್ಲ ವಿಷಯಕ್ಕೂ ನಗುವ ಆಕೆ ಡಬ್ಬಿಯ ವಿಷಯಕ್ಕೆ ಮಾತ್ರ ನಗುತ್ತಿರಲಿಲ್ಲ.

ಹೀಗಿರುವಾಗ, ಇವರ ಮೊಟ್ಟೆಯನ್ನೆಲ್ಲ ಕೊಳ್ಳುತ್ತಿದ್ದ ಬೇಕರಿಯಾತ ಒಂದು ದಿನ ಬಾಂಬು ಹಾಕಿದ. ಇನ್ನೆರಡು ತಿಂಗಳಾದ ಮೇಲೆ ಔಷಧಿಯ ಅಂಶ ಇರುವ ಮೊಟ್ಟೆ ತನಗೆ ಬೇಡ ಎಂದ. ಮರುದಿನವೇ ಹೆಂಡತಿ ಪಶುವೈದ್ಯೆಯನ್ನು ಕರೆಸಿದಳು.

“ಔಷಧಿ ರೋಗಕ್ಕೆ ಕೊಡೋದು, ದಿನಾ ಊಟಕ್ಕೆ ನಂಚಿಕೊಳ್ಳೋಕಲ್ಲ,” ಎಂದರು ಪಶುವೈದ್ಯೆ. “ಹೀಗೇ ಕೊಡ್ತಾ ಹೋದ್ರೆ ರೋಗಾಣುಗಳು ಅದಕ್ಕೆ ಪಳಗಿಬಿಡ್ತವೆ. ನಿಜವಾಗಿ ಬೇಕಾದಾಗ ಔಷಧಿ ಕೆಲಸಕ್ಕೇ ಬರಲ್ಲ. ನೀರಿನ ಕೊಳವೆ ತೊಳೀರಿ. ನೀರಿಗೆ ಸ್ವಲ್ಪ ಹುಳಿ ಆಮ್ಲ, ಮೇವಿಗೆ ಒಂದು ಸೊಪ್ಪಿನ ಎಣ್ಣೆ, ಜೊತೆಗೆ ಕರುಳಿಗೆ ಒಳ್ಳೇದು ಮಾಡೋ ಬ್ಯಾಕ್ಟೀರಿಯಾ ಪುಡಿ. ಕರುಳು ಗಟ್ಟಿಯಾಗಿದ್ರೆ ಎಷ್ಟೋ ರೋಗ ಹತ್ತಿರ ಸುಳಿಯಲ್ಲ.”

“ಬ್ಯಾಕ್ಟೀರಿಯಾನ ಕೊಲ್ಲೋದಕ್ಕೇ ನಾನು ಅರ್ಧ ಆಯುಷ್ಯ ಕಳೆದಿದೀನಿ,” ಎಂದರು ಯಜಮಾನರು. “ಈಗ ನಾನೇ ಕರೆದು ಕೂರಿಸಿ ಊಟ ಹಾಕಬೇಕಾ?”

“ನೀವು ಹಾಕಬೇಡಿ, ನಾನು ಹಾಕ್ತೀನಿ,” ಎಂದಳು ಹೆಂಡತಿ. “ಎಡ ಶೆಡ್ಡು ನನಗೆ ಬಿಡಿ. ಬಲ ಶೆಡ್ಡು ನಿಮ್ಮದು, ಡಬ್ಬಿ ನಿಮ್ಮದು. ಎರಡು ತಿಂಗಳು ನೋಡೋಣ. ಒಬ್ಬರ ಶೆಡ್ಡಿಗೆ ಇನ್ನೊಬ್ಬರು ಕೈ ಹಾಕೋ ಹಾಗಿಲ್ಲ.”

“ಡಬ್ಬೀಲಿ ಇರೋದೇ ಕೊನೆ,” ಎಂದು ಪಶುವೈದ್ಯೆ ಏಳುತ್ತ ಹೇಳಿದರು. “ಹೊಸದಕ್ಕೆ ನಾನು ಚೀಟಿ ಬರೆಯಲ್ಲ.”

ಯಜಮಾನರು ಡಬ್ಬಿಗೆ ಬೀಗ ಹಾಕಿ ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡರು. ಮನೆಯಲ್ಲಿ ಶೀತಲ ಸಮರ ಘೋಷಣೆಯಾಯಿತು.

ಮೊದಲ ವಾರವೇ ಎಡ ಶೆಡ್ಡಿನಲ್ಲಿ ಎರಡು ಕೋಳಿ ಮಂಕಾಗಿ ಮೂಲೆ ಹಿಡಿದವು. ಯಜಮಾನರಿಗೆ ಪರಮಾನಂದವಾಯಿತು. ಆನಂದ ಸುಮಾರು ಹತ್ತು ನಿಮಿಷ ಉಳಿಯಿತು. ಆಮೇಲೆ ಅವರಿಗೆ ಆ ಗುಂಡಿಗಳು ಕಣ್ಣಮುಂದೆ ಬಂದವು. ಹೆಂಡತಿ ಮಧ್ಯಾಹ್ನ ಕಣ್ಣು ಮುಚ್ಚಿದ ಹೊತ್ತು ನೋಡಿ, ಒಂದೇ ಒಂದು ಚಿಟಿಕೆ ಪುಡಿಯನ್ನು ಎಡ ಶೆಡ್ಡಿನ ನೀರಿನ ತೊಟ್ಟಿಗೆ ಹಾಕಿ ಬಂದರು. ಮರುದಿನ ಎರಡು ಚಿಟಿಕೆ. ನಾಲ್ಕನೆಯ ದಿನಕ್ಕೆ ಚಿಟಿಕೆ ಹೋಗಿ ಚಮಚ ಬಂದಿತ್ತು. ಡಬ್ಬಿಯಲ್ಲಿ ಇದ್ದುದೇ ಅಷ್ಟು, ಹೊಸದು ಸಿಗುವಂತಿಲ್ಲ. ಅದಕ್ಕೇ ತಮ್ಮ ಶೆಡ್ಡಿಗೆ ಕೊಡುವುದನ್ನು ನಿಲ್ಲಿಸಿಬಿಟ್ಟರು. ಅವರ ಕೋಳಿಗಳು ವರ್ಷಗಟ್ಟಲೆ ತಿಂದಂಥವು, ಮೈಯಲ್ಲಿ ದಾಸ್ತಾನು ಇದ್ದೇ ಇರುತ್ತದೆ ಎಂಬುದು ಅವರ ವೈಜ್ಞಾನಿಕ ಲೆಕ್ಕಾಚಾರ.

ಲೆಕ್ಕಾಚಾರ ಫಲಿಸಿತು. ಬಲ ಶೆಡ್ಡಿನ ಕೋಳಿಗಳು ಒಂದೆರಡು ವಾರ ಸೊರಗಿದಂತೆ ಕಂಡರೂ ಆಮೇಲೆ ಗರಿ ಮಿಂಚಿಸಿಕೊಂಡು ಓಡಾಡತೊಡಗಿದವು. “ನೋಡು, ಹಳೇ ಔಷಧಿಯ ಪ್ರಭಾವ!” ಎಂದು ಅವರು ಕಾಫಿಗೊಮ್ಮೆ, ಊಟಕ್ಕೊಮ್ಮೆ ಹೇಳುತ್ತಿದ್ದರು. ಹೆಂಡತಿ ತಲೆ ತಗ್ಗಿಸಿಕೊಂಡು ಬಡಿಸುತ್ತಿದ್ದಳು. ಆ ತಲೆ ತಗ್ಗಿಸುವಿಕೆಯೇ ಅವರಿಗೆ ಅನುಮಾನ ತಂದಿತು. ಏಕೆಂದರೆ ಎಡ ಶೆಡ್ಡೂ ಚೆನ್ನಾಗಿತ್ತು. ತಾವು ಹಾಕಿದ ಯಃಕಶ್ಚಿತ್ ಚಮಚಕ್ಕೆ ಇಷ್ಟೊಂದು ಕಳೆ ಬರುವುದುಂಟೆ? ಖಂಡಿತ ಇವಳು ಬೇರೇನೋ ಭಾರೀ ಔಷಧಿಯನ್ನು ಗುಟ್ಟಾಗಿ ಕೊಡುತ್ತಿದ್ದಾಳೆ!

ಸಾಕ್ಷ್ಯ ತಾನಾಗಿ ಬಂದು ಬಾಗಿಲು ತಟ್ಟಿತು. ಒಂದು ಬೆಳಗ್ಗೆ ಅವರು ಕಣ್ಣು ಬಿಟ್ಟುಕೊಂಡೇ ಗೊರಕೆ ಹೊಡೆಯುತ್ತ ಮಲಗಿದ್ದಾಗ, ಹೆಂಡತಿ ಮುಚ್ಚಿದ ಬಕೆಟ್ಟು ಹಿಡಿದು ಹಿತ್ತಲಿಗೆ ಹೋದಳು. ಬರುವಾಗ ಬಕೆಟ್ಟು ಖಾಲಿ. ಇನ್ನೊಂದು ದಿನ ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು: “ಇಲ್ಲ, ಅವರಿಗೆ ಗೊತ್ತಿಲ್ಲ. ಗೊತ್ತಾದ್ರೆ ರಂಪ ಮಾಡ್ತಾರೆ. ಇನ್ನೊಂದು ಡಬ್ಬಿ ಕಳಿಸಿ, ಬೇಗ ಬೇಗ ಖಾಲಿಯಾಗ್ತಿದೆ.”

ಡಬ್ಬಿ! ಯಜಮಾನರ ಕಿವಿ ನೆಟ್ಟಗಾಯಿತು. ಅವತ್ತೇ ಎಡ ಶೆಡ್ಡಿನ ಹನ್ನೆರಡು ಮೊಟ್ಟೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬೇಕರಿಗೆ ಹೋದರು.

“ಇದನ್ನ ಪರೀಕ್ಷೆಗೆ ಕಳಿಸಿ. ಯಾರು ತಂದಿದ್ದು ಅಂತ ಬಾಯಿ ಬಿಡಬೇಡಿ.”

“ಬಲ ಶೆಡ್ಡಿಂದೂ ಕೊಡಿ, ಒಟ್ಟಿಗೇ ಕಳಿಸ್ತೀನಿ,” ಎಂದ ಬೇಕರಿಯಾತ. ಬೇಡವೆಂದರೆ ಅವನಿಗೆ ಅನುಮಾನ ಬರುತ್ತದೆಂಬ ಅನುಮಾನದಿಂದ ಅದನ್ನೂ ತಂದುಕೊಟ್ಟರು.

ವಾರದ ನಂತರ ಬೇಕರಿಯಾತ, ಪಶುವೈದ್ಯೆ ಇಬ್ಬರೂ ವರದಿ ಹಿಡಿದು ಮನೆಗೇ ಬಂದರು. ಪಶುವೈದ್ಯೆ ಕನ್ನಡಕ ಏರಿಸಿ ಓದಿದರು: “ಬಲ ಶೆಡ್ಡು, ಔಷಧಿಯ ಅಂಶ ಇಲ್ಲ. ಎಡ ಶೆಡ್ಡು... ಇದೆ.”

“ಕೇಳಿದ್ರಾ!” ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು. “ಹುಳಿಯಂತೆ, ಎಣ್ಣೆಯಂತೆ! ಕದ್ದು ಔಷಧಿ ಕೊಟ್ಟು ನನ್ನ ಮುಂದೆ ತಲೆ ತಗ್ಗಿಸಿಕೊಂಡು ನಾಟಕ ಆಡಿದ್ದಲ್ವಾ ನೀನು?”

“ನಾನು ಅದನ್ನ ಮುಟ್ಟೇ ಇಲ್ಲ,” ಎಂದಳು ಹೆಂಡತಿ. ಅವಳ ಕಣ್ಣು ತುಂಬಿತು. ಇಪ್ಪತ್ತಾರು ವರ್ಷದಲ್ಲಿ ಅವಳು ಜಗಳವಾಡಿದ್ದು ಲೆಕ್ಕವಿಲ್ಲ, ಅತ್ತದ್ದು ಕಡಿಮೆ. ಯಜಮಾನರ ವಿಜಯೋತ್ಸಾಹ ಅರ್ಧಕ್ಕೆ ನಿಂತಿತು.

“ಸಿಕ್ಕಿರೋದು ನಿಮ್ಮ ಡಬ್ಬೀಲಿರೋ ಔಷಧೀನೇ,” ಎಂದರು ಪಶುವೈದ್ಯೆ. “ಡಬ್ಬಿ ಎಲ್ಲಿದೆ?”

“ಬೀಗ ಹಾಕಿಟ್ಟಿದೀನಿ.”

“ಕೀಲಿ?”

ಯಜಮಾನರ ಕೈ ತಾನಾಗಿ ಕೊರಳಿಗೆ ಹೋಯಿತು. ಅಲ್ಲಿಂದ ಕೆಳಗಿಳಿಯಲಿಲ್ಲ. ಬೇಕರಿಯಾತ ಚಾವಣಿ ನೋಡತೊಡಗಿದ.

“ಎರಡು ಕೋಳಿ ಮಂಕಾಗಿದ್ವು,” ಎಂದರು ಅವರು, ಯಾರ ಮುಖವನ್ನೂ ನೋಡದೆ. “ಮತ್ತೆ ಗುಂಡಿ ತೋಡೋ ಶಕ್ತಿ ನನಗಿರಲಿಲ್ಲ. ಒಂದು ಚಿಟಿಕೆ ಹಾಕಿದೆ. ಆಮೇಲೆ... ನಿಲ್ಲಿಸೋಕೆ ಧೈರ್ಯ ಬರಲಿಲ್ಲ.”

“ನಿಮ್ಮ ಶೆಡ್ಡಿಗೆ?” ಎಂದರು ಪಶುವೈದ್ಯೆ.

“ಎರಡಕ್ಕೂ ಸಾಕಾಗ್ತಿರಲಿಲ್ಲ. ನಂದಕ್ಕೆ ಬಿಟ್ಟುಬಿಟ್ಟೆ.”

ಹೆಂಡತಿ ಕಣ್ಣೊರೆಸಿಕೊಂಡವಳು ಇದ್ದಕ್ಕಿದ್ದಂತೆ ನಗಲು ಶುರುಮಾಡಿದಳು. “ಅಯ್ಯೋ ನಿಮ್ಮ! ನಿಮ್ಮ ಕೋಳಿಗಳು ಸೊರಗಿದ್ದು ನೋಡೋಕಾಗದೆ ನಾನು ದಿನಾ ಬೆಳಗ್ಗೆ ನಿಮ್ಮ ತೊಟ್ಟಿಗೆ ಹುಳಿ ಹಾಕಿ, ಮೇವಿಗೆ ಎಣ್ಣೆ, ಪುಡಿ ಬೆರೆಸಿ ಬರ್ತಿದ್ದೆ. ಒಂದು ಶೆಡ್ಡಿಗೆ ಅಂತ ತಂದಿದ್ದು ಎರಡಕ್ಕೆ ಸಾಲದೆ ಈ ಡಾಕ್ಟರ್ ಮೇಡಂ ಹತ್ರ ಇನ್ನೊಂದು ಡಬ್ಬಿ ಕೇಳಿದ್ದೆ!”

ಇಷ್ಟು ದಿನ ತಾವು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ದು ಹೆಂಡತಿಯ ಕೈಗುಣವನ್ನೇ ಎಂದು ಯಜಮಾನರಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಮೇಲೆ ಅವರು ನೀರು ಕೇಳಿದರು.

ಬಲ ಶೆಡ್ಡಿನ ಮೊಟ್ಟೆಗೆ ಬೇಕರಿಯಾತ ಅಲ್ಲೇ ಒಪ್ಪಿಗೆ ಕೊಟ್ಟ. ಎಡ ಶೆಡ್ಡಿನ ಔಷಧಿ ಇಳಿಯುವವರೆಗೆ ಅಲ್ಲಿನ ಮೊಟ್ಟೆಗಳನ್ನು ಒಡೆದು ಮಣ್ಣಿಗೆ ಹಾಕುವ ಕೆಲಸ ಯಜಮಾನರ ಪಾಲಿಗೆ ಬಂತು. ಅಷ್ಟಕ್ಕೇ ಮುಗಿಯಲಿಲ್ಲ. ಔಷಧಿಯಿಲ್ಲದೆ ಕೋಳಿ ಸಾಕುವುದು ಹೇಗೆಂದು ಸುತ್ತಮುತ್ತಲ ಸಾಕಣೆದಾರರಿಗೆ ಹೇಳಬೇಕೆಂದು ಪಶುವೈದ್ಯೆ ಒಂದು ಸಭೆ ಕರೆದರು. ವರದಿಯಲ್ಲಿ ಬಲ ಶೆಡ್ಡಿನ ಒಡೆಯರೆಂದು ಇದ್ದದ್ದು ಯಜಮಾನರ ಹೆಸರು. ಹಾಗಾಗಿ ಭಾಷಣವೂ ಅವರದೇ. ಹೆಂಡತಿ ಬರೆದುಕೊಟ್ಟದ್ದನ್ನು ಅವರು ತಡವರಿಸುತ್ತ ಓದಿ ಮುಗಿಸಿದರು.

ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. ಮುಖದಲ್ಲಿ ಅಪ್ಪಟ ಅನುಮಾನ. “ಎಲ್ಲ ಸರಿ ಸ್ವಾಮಿ. ನಿಮ್ಮ ಶೆಡ್ಡಿಗೆ ಯಾರೂ ಗುಟ್ಟಾಗಿ ಔಷಧಿ ಹಾಕಿರಲಿಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ?”

ಯಜಮಾನರು ಕಾಗದ ತಿರುಗಿಸಿ ನೋಡಿದರು. ಹಿಂದೆ ಏನೂ ಬರೆದಿರಲಿಲ್ಲ.

“ಅದಕ್ಕೆ ನಾನು ಗ್ಯಾರಂಟಿ,” ಎಂದು ಮುಂದಿನ ಸಾಲಿನಿಂದ ಹೆಂಡತಿ ಎದ್ದಳು. “ಹಾಕೋ ಮಹಾಶಯರು ಅಷ್ಟೂ ದಿನ ನನ್ನ ಶೆಡ್ಡಲ್ಲಿ ಬಿಜಿಯಾಗಿದ್ರು.”