ಅಂಗೈ ಮೇಲಿನ ಹಾಜರಿ

ನಮ್ಮ ಮನೆಯಲ್ಲಿ ಯಾವುದಾದರೂ ಮಗು ಎರಡನೇ ತರಗತಿಗೆ ಹೋಯಿತೆಂದರೆ ಮನೆಮಂದಿಯೆಲ್ಲ ಮತ್ತೊಮ್ಮೆ ಎರಡನೇ ತರಗತಿ ಓದಬೇಕಾಗುತ್ತದೆ. ಒಂದನೇ ತರಗತಿಯಲ್ಲಿ ಕಲಿತದ್ದು ಮಗುವಿನ ಬಾಯಲ್ಲೇ ಇರುತ್ತದೆ. ಎರಡನೆಯದರಲ್ಲಿ ಕಲಿತದ್ದನ್ನು ಅದು ನಮ್ಮ ಮೇಲೆ ಪ್ರಯೋಗ ಮಾಡಿ ನೋಡುತ್ತದೆ. ನಾನು ಗದಗಿನ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಗಜೇಂದ್ರಗಡದ ಈ ಮನೆಗೆ ಸೊಸೆಯಾಗಿ ಬಂದವಳು. ಮಕ್ಕಳಿಗೆ ಹಲ್ಲು ಮೂಡಿದ ದಿನದಿಂದ ಹಿಡಿದು ಅವರಿಗೆ ಮಗ್ಗಿ ಬಂದ ದಿನದವರೆಗೆ ಎಲ್ಲವನ್ನೂ ಬರೆದಿಟ್ಟಿದ್ದೇನೆ. ಊರಲ್ಲಿ ಇಷ್ಟು ಅಚ್ಚುಕಟ್ಟಾಗಿ ಬರೆದಿಟ್ಟವರು ಇನ್ನೊಬ್ಬರಿಲ್ಲ ಎಂಬುದು ನನಗೂ ಗೊತ್ತು, ಓಣಿಗೂ ಗೊತ್ತು. ಆದರೆ ಮೊಮ್ಮಗಳ ಎರಡನೇ ತರಗತಿಯ ಸಂಗತಿಗಳನ್ನು ಬರೆಯುವಾಗ ಮಾತ್ರ ಆಗಾಗ ಪೆನ್ನು ಕೆಳಗಿಟ್ಟು ಹಿಂತಿರುಗಿ ನೋಡುತ್ತೇನೆ. ಹಿಂದೆ ಇರುವುದು ಒಂದು ಖಾಲಿ ಹೊರಸು, ಅಷ್ಟೇ.

ಆ ಹೊರಸು, ಹಗ್ಗದ ಮಂಚ, ನನ್ನ ಅತ್ತೆಯದು. ತೊಂಬತ್ತು ದಾಟಿದ ಅವರನ್ನು ಮೊಮ್ಮಗಳೂ ಓಣಿಯವರೂ ಆಯಿ ಎನ್ನುತ್ತಿದ್ದರು. ಸಾಲಿಯ ಕಟ್ಟೆ ಹತ್ತಿದವರಲ್ಲ. ಪಡಸಾಲೆಯ ಬಾಗಿಲ ಪಕ್ಕದಲ್ಲಿ ಮಲಗಿಕೊಂಡೇ ಆ ವರ್ಷ ಅವರು ಎರಡನೇ ತರಗತಿ ಕಲಿತರು.

ಸಜೀವ, ನಿರ್ಜೀವ

ಮೊದಲ ತಿಂಗಳಿನ ಪಾಠ ಇದು. ಉಸಿರಾಡುವುದು, ಚಲಿಸುವುದು, ತಿನ್ನುವುದು, ಬೆಳೆಯುವುದು, ಇವೆಲ್ಲ ಇದ್ದರೆ ಸಜೀವ. ಮೊಮ್ಮಗಳು ಸಂಜೆ ಬಂದದ್ದೇ ಮನೆಯ ಪ್ರತಿಯೊಂದನ್ನೂ ಪರೀಕ್ಷೆಗೆ ಹಚ್ಚಿತು. ಬೀಸುಕಲ್ಲು ನಿರ್ಜೀವ. ತುಳಸಿ ಸಜೀವ. ಗುಡ್ಡದ ಮೇಲಿನ ಗಾಳಿಯಂತ್ರಗಳ ಹತ್ತಿರ ಸಂದೇಹ ಬಂತು.

"ಅಜ್ಜಿ, ಆ ಫ್ಯಾನ್ ರಾತ್ರಿ ಉಸಿರಾಡ್ತೈತಿ. ನಾ ಕೇಳೇನಿ."

"ಅದು ಗಾಳಿ ಸಪ್ಪಳ. ಫ್ಯಾನು ಏನರ ತಿಂತೈತೇನು?"

"ಗಾಳಿನ ತಿಂತೈತಲ್ಲ!"

ಗುಡ್ಡದ ಮೇಲೆ ಬಿಳಿ ರೆಕ್ಕೆಗಳು ಭುಸ್, ಭುಸ್ ಎಂದು ತಿರುಗುತ್ತಿದ್ದವು. ಇಷ್ಟು ವರ್ಷ ಕೇಳಿದ ಸಪ್ಪಳ ಅಂದಿನಿಂದ ಉಸಿರಿನ ಹಾಗೇ ಕೇಳತೊಡಗಿತು.

ಮರುದಿನ ಮಧ್ಯಾಹ್ನ ಅತ್ತೆ ಬಾಯಿ ತೆರೆದು ಅಲುಗಾಡದೆ ಮಲಗಿದ್ದರು. ಹುಡುಗಿ ಅರಳೆಯ ಎಳೆಯೊಂದನ್ನು ಅವರ ಮೂಗಿನ ಹತ್ತಿರ ಹಿಡಿದು ಕುಳಿತಿತ್ತು. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಹತ್ತಿರ ಹೋದೆ.

"ಏನ ಮಾಡಾಕತ್ತೀ?"

"ಉಸಿರೈತಿ. ಆದ್ರ ಆಯಿ ಬೆಳಿಯೂದಿಲ್ಲ, ದಿನಾ ಸಣ್ಣಾಕಿ ಆಗಾಕತ್ತಾಳ. ಊಟಾನೂ ಅರ್ಧಾನ ಮಾಡ್ತಾಳ. ಅದಕ್ಕ ಅರ್ಧಾ ಸಜೀವ ಅಂತ ಬರ್ಯಾಕತ್ತೇನಿ."

ಅತ್ತೆ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಬರಿಯವಾ. ಆದ್ರ ಮ್ಯಾಲಿನ ಅರ್ಧಾ ಅಂತ ಬರಿ. ಕೆಳಗಿಂದು ಮೊಣಕಾಲ ಬ್ಯಾನಿ ಸುರು ಆದಾಗನ ಹೋಗೇತಿ."

ಅಳತೆ

ಮುಂದಿನ ಪಾಠ ಗೇಣು, ಮೊಳ, ಹೆಜ್ಜೆ. ಒಬ್ಬೊಬ್ಬರ ಗೇಣು ಒಂದೊಂದು ಥರ, ಆದ್ದರಿಂದ ಒಬ್ಬರ ಅಳತೆ ಇನ್ನೊಬ್ಬರಿಗೆ ಹೊಂದುವುದಿಲ್ಲ ಎಂಬುದು ಅದರ ತಿರುಳು. ಹುಡುಗಿ ಕಿಟಕಿ, ಕಟ್ಟೆ, ಕುಂಬಳಕಾಯಿ ಎಲ್ಲ ಅಳೆದು, ಕೊನೆಗೆ ಅತ್ತೆಯನ್ನು ನೆತ್ತಿಯಿಂದ ಗೇಣು ಹಾಕುತ್ತ ಬಂತು. ಮಲಗಿದವರನ್ನು ಅಳೆಯುವುದೇ? ನಾನು ಓಡಿಹೋಗಿ ಕೈ ಹಿಡಿದೆ.

"ಬಿಡ ಆ ಕೂಸಿನ್ನ," ಎಂದರು ಅತ್ತೆ. "ತಂಗಿ, ಗೇಣಿಲೆ ಬ್ಯಾಡ. ನನ್ನ ಪಾದ ಅಳಿ."

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂಡಿಸಿ ಮಣ್ಣು ಮಾಡುತ್ತಾರೆ. ಆ ಕುಣಿಯ ಉದ್ದಗಲವನ್ನು ಸತ್ತವರ ಪಾದದ ಅಳತೆಯಿಂದಲೇ ಲೆಕ್ಕ ಹಾಕಬೇಕು. ಅದು ನನಗೆ ಗೊತ್ತಿತ್ತು, ಹುಡುಗಿಗೆ ಗೊತ್ತಿರಲಿಲ್ಲ. ಅದು ಖುಷಿಯಿಂದ ಹೊಲಿಗೆಯ ದಾರ ತಂದು ಹಿಮ್ಮಡಿಯಿಂದ ಹೆಬ್ಬೆರಳ ತುದಿಗೆ ಹಿಡಿದು ಕತ್ತರಿಸಿತು.

"ಇದನ್ನ ಎಲ್ಲಿ ಇಡ್ಲಿ, ಆಯಿ?"

"ದೇವರ ಖೋಲಿ ಮೊಳಿಗೆ ಹಾಕು. ನಿಮ್ಮಜ್ಜ, ನನ್ನ ಮಗಾ, ಗಡಿಬಿಡಿ ಮನಿಷ್ಯಾ. ಆ ಹೊತ್ತಿಗೆ ತನ್ನ ಪಾದಾ ಅಳದ ಕೊಟ್ಟಾನು. ಅಷ್ಟ ದೊಡ್ಡ ಜಾಗಾದಾಗ ನಾ ಒಬ್ಬಾಕಿ ಏನ ಮಾಡ್ಲಿ? ಕಸಾ ಹೊಡಿಯೂದ ಆಗ್ತೈತಿ."

ಸೊನ್ನೆ

ಅತ್ತೆಯ ವೃದ್ಧಾಪ್ಯ ವೇತನ ನಿಂತುಹೋಗಿತ್ತು. ಅವರು ಇನ್ನೂ ಬದುಕಿದ್ದಾರೆ ಎಂದು ಹೆಬ್ಬೆರಳು ಒತ್ತಿ ತೋರಿಸಬೇಕಂತೆ. ನಮ್ಮೂರ ಯಂತ್ರ ಕೆಟ್ಟಿತ್ತು. ಅವರನ್ನು ಎತ್ತಿಕೊಂಡಂತೆಯೇ ಬಸ್ ಹತ್ತಿಸಿ ರೋಣಕ್ಕೆ ಹೋದೆವು. ಮೊಮ್ಮಗಳೂ ಬೆನ್ನು ಹತ್ತಿತು.

ರೋಣದ ಯಂತ್ರಕ್ಕೂ ಆ ಹೆಬ್ಬೆರಳು ಸಿಗಲಿಲ್ಲ. ರೊಟ್ಟಿ ಬಡಿದು ಬಡಿದು ಅದರ ಗೆರೆಗಳೆಲ್ಲ ಸವೆದಿದ್ದವು. ಯಂತ್ರದ ಮುಂದಿದ್ದ ಹೆಣ್ಣುಮಗಳು ಮತ್ತೆ ಮತ್ತೆ ಒತ್ತಿಸಿ, ಸಂಕೋಚದಿಂದ, "ಆಯಿ ಇಲ್ಲ ಅಂತ ತೋರಸಾಕತ್ತೈತ್ರಿ," ಎಂದಳು.

ಮೊಮ್ಮಗಳು ಮುಂದೆ ಬಂದು, "ಅರ್ಧಾ ಅದಾಳ್ರಿ," ಎಂದು ತಿಳಿಸಿತು.

ಕಣ್ಣಿನ ಗುರುತು ಹಿಡಿಯುವ ಯಂತ್ರ ಬರಲಿದೆ, ಮುಂದಿನ ವಾರ ಬನ್ನಿ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗಿ ಅತ್ತೆಗೆ ಹಿಂದಿನ ದಿನದ ಪಾಠ ಹೇಳಿತು. "ಆಯಿ, ಸೊನ್ನಿ ಅಂದ್ರ ಏನೂ ಇಲ್ಲ. ಆದ್ರ ಅದರ ಜಾಗಾ ಅದಕ್ಕ ಬಿಡಬೇಕು. ಬಿಡದಿದ್ರ ಹತ್ತು ಹೋಗಿ ಒಂದ ಆಗ್ತೈತಿ."

ಅತ್ತೆ ಕಿಟಕಿಯಾಚೆಯ ಕರಿಹೊಲ ನೋಡುತ್ತ, "ಏನೂ ಇಲ್ಲದ್ದಕ್ಕೂ ಜಾಗಾ ಬಿಡ್ತಾರೇನು? ಚಲೋ ಸಾಲಿ ಐತಿ ಬಿಡು ನಿಂದು," ಎಂದರು.

ಅಷ್ಟರಲ್ಲಿ ಕಂಡಕ್ಟರ್ ಬಂದು ಹೆಣ್ಣುಮಕ್ಕಳ ಪುಕ್ಕಟೆ ಟಿಕೆಟಿಗೆ ಆಧಾರ್ ಕಾರ್ಡ್ ಕೇಳಿದ. ಅತ್ತೆ ಕೈಯಾಡಿಸಿದರು. "ನಿಮ್ಮ ರೋಣದಾಗ ನಾ ಇಲ್ಲ ಅಂತ ಹೇಳ್ಯಾರಪಾ. ಇಲ್ಲದಾಕಿಗೆ ಎಂಥಾ ಟಿಕೆಟ್?"

ಕಂಡಕ್ಟರ್ ಜಾಣ. "ಹಂಗಾರ ಸೀಟ್ ಖಾಲಿ ಐತಿ ಅಂದಂಗಾತು," ಎಂದವನೇ ಹಿಂದಕ್ಕೆ ಕೂಗಿದ: "ಅಣ್ಣಾರ, ಮುಂದ ಬರ್ರಿ, ಇಲ್ಲೊಂದು ಜಾಗಾ ಐತಿ!"

ಅತ್ತೆ ಅಷ್ಟು ಲಗುಬಗೆಯಿಂದ ಕಾರ್ಡ್ ತೆಗೆದದ್ದನ್ನು ನಾನು ನೋಡಿಯೇ ಇರಲಿಲ್ಲ.

ಟಿ.ಸಿ.

ದೀಪಾವಳಿ ರಜೆಯಲ್ಲಿ ಹುಡುಗಿ ಮನೆಯಲ್ಲೇ ಸಾಲಿ ಸುರು ಮಾಡಿತು. ತಾನು ಅಕ್ಕೋರು, ಅಂದರೆ ಟೀಚರು, ನಾವು ಮಕ್ಕಳು. ದಿನಾ ಮಧ್ಯಾಹ್ನ ಪಡಸಾಲೆಯಲ್ಲಿ ಹಾಜರಿ. ಪುಸ್ತಕ ಗಿಸ್ತಕ ಏನಿಲ್ಲ, ಎಡಗೈ ಮುಂದೆ ಹಿಡಿದು ಅಂಗೈ ನೋಡಿ ಓದುವುದು. ವಯಸ್ಸಿನ ಪ್ರಕಾರ ಅತ್ತೆ ನಂಬರ್ ಒಂದು, ನಾನು ನಂಬರ್ ಎರಡು, ಹುಡುಗಿಯ ತಾಯಿಯಾದ ನನ್ನ ಸೊಸೆ ಮೂರು. ಬಿ.ಎ. ಆದವಳು ಎರಡನೆಯ ನಂಬರಿಗೆ ಕೂಡಬೇಕಾಯಿತು. ಇರಲಿ.

ನಾನೂ ಸೊಸೆಯೂ "ಹಾಜರ್" ಎನ್ನುತ್ತಿದ್ದೆವು. ಅತ್ತೆ ಮಾತ್ರ ಒಮ್ಮೆ ಕೆಮ್ಮಿ, ರಾಗವೆಳೆದು, "ಅದೀನ್ರೀ ಅಕ್ಕೋರ" ಎನ್ನುವರು.

"ಹಾಜರ್ ಅನ್ನಬೇಕು, ಆಯಿ."

"ಹಾಜರ್ ಅನ್ನೂದು ಕೋರ್ಟಿನ್ಯಾಗ. ನಾ ಅದೀನಿ, ಅದಕ್ಕ ಅದೀನಿ ಅಂತೀನಿ."

ಹುಡುಗಿಯ ತರಗತಿಯಲ್ಲಿ ಒಬ್ಬ ಗೆಳತಿ ಇದ್ದಳು. ಅವರ ಮನೆಯವರು ಕೆಲಸಕ್ಕೆಂದು ಗೋವಾಕ್ಕೆ ಹೋಗಿಬಿಟ್ಟಿದ್ದರು. ಆದರೂ ಸಾಲಿಯ ಅಕ್ಕೋರು ದಿನಾ ಆ ಹೆಸರು ಕೂಗುತ್ತಾರಂತೆ. ಯಾರೂ ಓ ಅನ್ನುವುದಿಲ್ಲ. ಒಂದು ಕ್ಷಣ ಎಲ್ಲರೂ ಆ ಖಾಲಿ ಜಾಗ ನೋಡುತ್ತಾರಂತೆ.

ಒಂದು ಮಧ್ಯಾಹ್ನ ಹುಡುಗಿ ಇದನ್ನು ಹೇಳಿದ್ದೇ ಅತ್ತೆ ಎದ್ದು ಕುಳಿತರು. "ಹೆಸರು ಹೊಡದ ಹಾಕೂದಿಲ್ಲೇನು?"

"ಟಿ.ಸಿ. ತಗೊಂಡ್ರಷ್ಟ ಹೊಡದ ಹಾಕ್ತಾರ, ಆಯಿ."

"ಟಿ.ಸಿ. ತಗೊಳ್ಳದ ಹೋದ್ರ?"

"ಕೂಗಬೇಕು. ಅದು ರೂಲ್ಸು."

ಅತ್ತೆಯ ಮುಖದಲ್ಲಿ ಆಗ ಕಂಡದ್ದು ತಮಾಷೆಯಲ್ಲ. ರೇಷನ್ ಕಾರ್ಡಿನಿಂದ, ಓಣಿಯ ಮಾತಿನಿಂದ, ಮದುವೆ ಕರೆಯುವವರ ಬಾಯಿಂದ ತಮ್ಮ ವಯಸ್ಸಿನ ವಾರಿಗೆಯವರ ಹೆಸರುಗಳು ಒಂದೊಂದಾಗಿ ಉದುರಿದ್ದನ್ನು ಅವರು ಕಂಡಿದ್ದರು. ಸಾಯುವ ಅಂಜಿಕೆ ಅವರಿಗಿರಲಿಲ್ಲ. ಕೂಗುವವರಿಲ್ಲದೆ ಹೋಗುವ ಅಂಜಿಕೆ ಇತ್ತು. ಹುಡುಗಿಯ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ನಾ ಟಿ.ಸಿ. ತಗೊಳ್ಳೂದಿಲ್ಲ, ಅಕ್ಕೋರ. ನೀವು ಕೂಗ್ರಿ. ನಾ ಎಲ್ಲಿದ್ರೂ ಓ ಅಂತೀನಿ."

ಅಂದು ರಾತ್ರಿ ಊಟಕ್ಕೆ ಕೂತಾಗ ಹುಡುಗಿ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿತ್ತು. ಕೈ ತೊಳೆ ಎಂದರೆ, "ಬಲಗೈ ತೊಳದೇನಿ. ಎಡಗೈ ತೊಳದ್ರ ಎಲ್ಲಾರೂ ಗೈರುಹಾಜರ್ ಆಗ್ತೀರಿ," ಎಂದಿತು.

ಕಳೆಯುವ ಲೆಕ್ಕ

ಸಂಕ್ರಾಂತಿ ಮುಗಿದ ಮೇಲೆ ಅತ್ತೆ ಊಟ ಬಿಟ್ಟರು. ನರಗುಂದ ನನ್ನ ತವರು. ಅಲ್ಲಿಂದ ನನ್ನ ಅಕ್ಕ ನೋಡಲು ಬಂದಳು. ಅವಳು ಬಸ್ಸಿಳಿದಾಗಲೇ ಸೆರಗು ಕಣ್ಣಿಗೆ ಒತ್ತಿಕೊಳ್ಳುವ ಪೈಕಿ. ಹೊರಸಿನ ಬಳಿ ಕುಳಿತು ಬಿಕ್ಕುತ್ತಿದ್ದಳು. ಪಕ್ಕದಲ್ಲಿ ಹುಡುಗಿ ಮನೆಪಾಠ ಮಾಡುತ್ತ ಗಟ್ಟಿಯಾಗಿ ಓದಿತು:

"ಮನ್ಯಾಗ ಏಳು ಮಂದಿ ಅದಾರ. ಒಬ್ರು ಹೋದ್ರ ಎಷ್ಟು ಉಳಿದ್ರು?"

ಅಕ್ಕ ದನಿ ತೆಗೆದು ಅತ್ತಳು. ಮನೆಯಲ್ಲಿ ನನ್ನ ಮಗನನ್ನೂ ಅವಳನ್ನೂ ಸೇರಿಸಿ ಅಂದು ಸರಿಯಾಗಿ ಏಳೇ ಮಂದಿ. ಹೊರಗೆ ಗುಡ್ಡದ ಮೇಲಿನ ಗಾಳಿಯಂತ್ರಗಳ ಉಸಿರು ಕೇಳುತ್ತಿತ್ತು.

ಹೊರಸಿನಿಂದ ತೆಳ್ಳಗಿನ ದನಿ ಬಂತು. "ಆರು."

"ಅಯ್ಯೋ, ಹಂಗನಬ್ಯಾಡ್ರಿ!" ಎಂದಳು ಅಕ್ಕ.

"ಯಾಕನಬಾರದು, ಬೀಗತ್ಯಾರ? ಹೋಗೂ ಒಬ್ಬಾಕಿ ನಾ ಅಲ್ಲ, ನೀವು. ನರಗುಂದ ಬಸ್ ಹೊತ್ತಾತು, ಲಗೂ ಏಳ್ರಿ."

ದಾರ

ಅತ್ತೆ ಒಂದು ಬೆಳಗಿನ ಜಾವ ಸದ್ದಿಲ್ಲದೆ ಹೋದರು. ಕುಣಿ ತೆಗೆಯುವ ಮುದುಕ ಬಂದು ಪಾದದ ಅಳತೆ ಕೇಳಿದಾಗ ನಮ್ಮ ಯಜಮಾನರು, ಅತ್ತೆ ಹೇಳಿದ ಹಾಗೆಯೇ, ಗಡಿಬಿಡಿಯಲ್ಲಿ ತಮ್ಮ ಪಾದವನ್ನೇ ಮುಂದೆ ಮಾಡಿದರು. ಹುಡುಗಿ ಮಾತಾಡದೆ ದೇವರ ಖೋಲಿಗೆ ಹೋಗಿ ದಾರ ತಂದು ಮುದುಕನ ಕೈಗಿಟ್ಟಿತು.

ಮುದುಕ ಅದನ್ನು ಬೆಳಕಿಗೆ ಹಿಡಿದು ನೋಡಿದ. ಯಾರು ಅಳೆದದ್ದೆಂದು ಕೇಳಿದ. ಆಯಿಯೇ ಅಳೆಸಿದ್ದು ಎಂದೆ. ರುಮಾಲು ತೆಗೆದು ತಲೆ ತುರಿಸಿಕೊಂಡ.

"ಇಷ್ಟ ಮಂದಿಗೆ ಕುಣಿ ತಗದೇನ್ರಿ, ಅಂಗಿ ಹೊಲಿಸಾಕ ಕೊಟ್ಟಂಗ ಅಳತಿ ಮದ್ಲ ಕೊಟ್ಟವರನ್ನ ಇವತ್ತ ನೋಡಿದೆ. ಸಡ್ಲ ಆಗಬೇಕಂತೋ ಬಿಗಿ ಆಗಬೇಕಂತೋ, ಅದನ್ನೂ ಹೇಳಿದ್ರೇನು?"

ಅಳುತ್ತಿದ್ದ ಮನೆಮಂದಿಯೆಲ್ಲ ನಕ್ಕುಬಿಟ್ಟರು. ಹುಡುಗಿ ಮಾತ್ರ ನಗಲಿಲ್ಲ. ಎಡಗೈ ಮುಷ್ಟಿ ಕಟ್ಟಿಕೊಂಡೇ ನಿಂತಿತ್ತು. ಅಂದು ಎಲ್ಲರೂ ಸ್ನಾನ ಮಾಡಬೇಕಲ್ಲ, ನೀರು ಹಾಕುವಾಗ ಸೊಸೆ ಎಷ್ಟು ಎಳೆದರೂ ಆ ಮುಷ್ಟಿ ಬಿಚ್ಚಲಿಲ್ಲ.

ನಂಬರ್ ಒಂದು

ಕಾರ್ಯಗಳೆಲ್ಲ ಮುಗಿದು ಬಂದವರು ಹೋದ ಮೇಲೆ ಒಂದು ಮಧ್ಯಾಹ್ನ ಹುಡುಗಿ ಪಡಸಾಲೆಯಲ್ಲಿ ಬಂದು ನಿಂತಿತು. "ಸಾಲಿ ಐತಿ. ಕುಂದರ್ರಿ."

ಅತ್ತೆ ಹೋದಾಗಿನಿಂದ ಅದು ಸರಿಯಾಗಿ ಮಾತಾಡಿರಲಿಲ್ಲ. ಹಾಗಾಗಿ ಬೇಡ ಎನ್ನುವ ಧೈರ್ಯ ಯಾರಿಗೂ ಆಗಲಿಲ್ಲ. ನಾನೂ ಸೊಸೆಯೂ ಕುಳಿತೆವು. ಅಂಗಡಿಗೆ ಮಗನನ್ನು ಕಳಿಸಿ ಮನೆಯಲ್ಲಿದ್ದ ನಮ್ಮ ಯಜಮಾನರು ಹೊಸ ಪ್ರವೇಶ ಎಂದು ಕಂಬಕ್ಕೊರಗಿ ಕುಳಿತರು. ಕರೆಂಟ್ ಹೋಗಿತ್ತು. ಮೇಲಿನ ಬೆಳಕಿಂಡಿಯ ಬಿಸಿಲು ಖಾಲಿ ಹೊರಸಿನ ಮೇಲೆ ಬಿದ್ದಿತ್ತು. ಎಂದೂ ನಿಲ್ಲದ ಗುಡ್ಡದ ಮೇಲಿನ ಸಪ್ಪಳ ಅಂದು ನಿಂತಿತ್ತು, ಗಾಳಿಯೇ ಇರಲಿಲ್ಲ.

ಹುಡುಗಿ ಮುಷ್ಟಿ ಬಿಚ್ಚಿ ಅಂಗೈ ನೋಡಿತು.

"ಒಂದನೇ ನಂಬರ ಬಿಡವಾ, ನನ್ನ ಕೂಸ," ಎಂದರು ಯಜಮಾನರು. ಹೋದವರು ಅವರ ತಾಯಿ. "ಎರಡರಿಂದ ಸುರು ಮಾಡು."

"ಆಯಿ ಟಿ.ಸಿ. ತಗೊಂಡಾಳೇನು?"

"ಇಲ್ಲವಾ."

"ಮತ್ತ? ಜಾಗಾ ಬಿಡಬೇಕು." ಹುಡುಗಿ ಉಸಿರೆಳೆದುಕೊಂಡು ಕೂಗಿತು. "ನಂಬರ್ ಒಂದ!"

ಎಲ್ಲರೂ ಹೊರಸಿನತ್ತ ನೋಡಿದೆವು. ಬಿಸಿಲಲ್ಲಿ ಧೂಳಿನ ಕಣಗಳು ತೇಲುತ್ತಿದ್ದವು. ಹುಡುಗಿಯ ತುಟಿ ಅದುರತೊಡಗಿತು. ಇನ್ನೇನು ಅತ್ತುಬಿಡುತ್ತದೆ ಎನ್ನುವಷ್ಟರಲ್ಲಿ, ಒಂದು ಸಣ್ಣ ಕೆಮ್ಮು.

"ಅದೀನ್ರೀ ಅಕ್ಕೋರ."

ಯಜಮಾನರು ಕಂಬ ಬಿಟ್ಟು ನೆಟ್ಟಗಾದರು. ಸೊಸೆ ನನ್ನ ರಟ್ಟೆ ಹಿಡಿದಳು. ಆಮೇಲೆ ಇಬ್ಬರೂ ನಿಧಾನಕ್ಕೆ ನನ್ನ ಮುಖ ನೋಡಿದರು. ಅತ್ತೆಯ ಹಾಗೆಯೇ ದನಿ ತೆಗೆಯಬಲ್ಲವಳು, ಹುಡುಗಿ ಅಳುವುದನ್ನು ನೋಡಲಾರದವಳು ಅಲ್ಲಿ ನಾನೊಬ್ಬಳೇ ಎಂದು ಅವರ ಎಣಿಕೆ. ಹುಡುಗಿಯದೂ ಅದೇ ಎಣಿಕೆ. ಅದು ಸೊಂಟದ ಮೇಲೆ ಕೈಯಿಟ್ಟಿತು.

"ಅಜ್ಜಿ! ಒಬ್ಬರ ಹಾಜರಿ ಇನ್ನೊಬ್ಬರು ಹೇಳಬಾರದು. ನೀ ಬಿ.ಎ. ಕಲತಾಕಿ, ಇಷ್ಟೂ ತಿಳಿಯೂದಿಲ್ಲೇನು? ಮೂಲಿಗೆ ನಿಲ್ಲು!"

ನಾನು ಎದ್ದು ನಿಂತು ಅಲ್ಲವೆಂದು ತಲೆಯಾಡಿಸಿದೆ. ಕೈಯಿಂದ ಬಾಯಿ ತೋರಿಸಿದೆ. ಊಟದ ಮೇಲೆ ಹಾಕಿಕೊಂಡ ಎಲೆಅಡಿಕೆ ಬಾಯಿ ತುಂಬ ಇತ್ತು. ಅದನ್ನಿಟ್ಟುಕೊಂಡು ನಾನು "ಊಂ" ಅನ್ನಬಹುದಿತ್ತೇ ಹೊರತು ಇನ್ನೇನನ್ನೂ ಹೇಳುವಂತಿರಲಿಲ್ಲ.

"ಬಾಯಿ ತಗಿ."

ತೆರೆದೆ. ಹುಡುಗಿ ಹತ್ತಿರ ಬಂದು ಇಣುಕಿ ನೋಡಿತು. ಯಜಮಾನರೂ ಎದ್ದು ಬಂದು ನೋಡಿದರು, ನೋಡಿದವರು ಮೆಲ್ಲಗೆ ಹೊರಸಿನ ಕಡೆ ತಿರುಗಿದರು. ಸೊಸೆ ನನ್ನ ರಟ್ಟೆ ಬಿಡಲಿಲ್ಲ, ಇನ್ನಷ್ಟು ಬಿಗಿಯಾಗಿ ಹಿಡಿದಳು.

ಹುಡುಗಿಯ ಮುಖ ಮಾತ್ರ ಅರಳಿತು. ಎಷ್ಟೋ ದಿನಗಳ ಮೇಲೆ ಅರಳಿತು. "ಹಂಗಾರ ಅಜ್ಜಿ ಅಲ್ಲ, ಆಯೀನ ಅಂದಾಳ," ಎಂದು ಅಂಗೈ ಮೇಲೆ ಬೆರಳಿನಿಂದ ಗುರುತು ಹಾಕಿಕೊಂಡಿತು.

ನಾನು ಮೆಲ್ಲಗೆ ಕೂಡಲು ಹೋದೆ.

"ನೀ ಎಲ್ಲಿ ಕುಂದರ್ತಿ? ಕ್ಲಾಸಿನ್ಯಾಗ ತಿನ್ನಾಕತ್ತೀದಿ. ನಿಂತೇ ಇರು."

ಹೀಗೆ ನಾನು, ಈ ಮನೆಯ ಹಿರಿಯಳು, ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತೆ. ಹೊರಸು ನನ್ನ ಬೆನ್ನ ಹಿಂದೆಯೇ ಇತ್ತು. ತಿರುಗಿ ನೋಡುವ ಧೈರ್ಯ ಆಗಲಿಲ್ಲ.

"ನಂಬರ್ ಎರಡ!"

"ಆಆರ್," ಎಂದೆ, ಎಲೆಅಡಿಕೆ ಒತ್ತರಿಸಿಕೊಂಡು.

"ಏನಂದಿ? ತಿಳೀಲಿಲ್ಲ," ಎಂದರು ಅಕ್ಕೋರು. "ಆಯಿ ಹ್ಯಾಂಗ ಅಂದ್ಲು ಕೇಳಿದಿಲ್ಲ? ಹಂಗ ಸ್ವಚ್ಛ ಅನ್ನು."