ಅವ್ವನನ್ನು ನಗಿಸಲು ಗುಡ್ಡ ಹತ್ತಿದ್ದು

ಎದುರುಮನೆ ಈರಮ್ಮ ಬಂದು ಬಾಗಿಲಲ್ಲಿ ನಿಂತಾಗ ಅಮರೇಶ ಮೂರನೇ ಮಿರ್ಚಿ ಬಜ್ಜಿಗೆ ಕೈ ಹಾಕಿದ್ದ.

"ಅಮರೇಶಾ, ನಿಮ್ಮವ್ವಗ ಏನೋ ಆಗೈತಪ್ಪ. ಒಂದು ವಾರಾತು, ನನಗ ಒಂದು ಮಾತು ಬೈದಿಲ್ಲ!"

ಅಮರೇಶ ಮಿರ್ಚಿಯನ್ನು ತಟ್ಟೆಗೇ ಬಿಟ್ಟ. ಬಳ್ಳಾರಿ ಸತ್ಯನಾರಾಯಣಪೇಟೆಯ ಆ ಓಣಿಯಲ್ಲಿ ಅವ್ವ ಜಂಬಮ್ಮ ಈರಮ್ಮನನ್ನು ಬೈಯದೆ ಬೆಳಗಾಗುತ್ತಲೇ ಇರಲಿಲ್ಲ. ಹೋದ ವರ್ಷ ಅಪ್ಪ ಹಾರ್ಟ್ ಅಟ್ಯಾಕಿನಲ್ಲಿ ತೀರಿಕೊಂಡಾಗಲೂ ಹೇಗೋ ಸಾವರಿಸಿಕೊಂಡ ಅವ್ವ, ಈಗ ಗೋಡೆಗೊರಗಿ ಮಗನನ್ನೇ ನೋಡುತ್ತ ನಿಟ್ಟುಸಿರು ಬಿಡುತ್ತಿದ್ದಳು.

ಭಾನುವಾರಕ್ಕೆಂದು ಕುರುಗೋಡಿನಿಂದ ಬಂದಿದ್ದ ತಂಗಿ ಅಂಜನಾ ಉಪಾಯ ಹೇಳಿದಳು. "ಅವ್ವನ್ನ ಕೋಟೆ ಗುಡ್ಡಕ್ಕ ಕರ್ಕೊಂಡು ಹೋಗೋಣಣ್ಣ. ಮ್ಯಾಲಿನ ಗಾಳಿಗೆ ಮನಸು ಹಗುರಾಗ್ತೈತಿ."

"ಆಕಿ ಮಂಡಿನೋವಿಗೆ ಹತ್ತಾಕ ಆಗ್ತೈತೇನಲೇ?"

"ನೀ ಅದೀಯಲ್ಲ, ಎತ್ಕೊಂಡು ಹತ್ತು."

"ಹಂಗಾದ್ರ ನಾನೂ ನೋಡಾಕ ಬರ್ತೀನಿ," ಎಂದು ಈರಮ್ಮ ಆಗಲೇ ಚಪ್ಪಲಿ ಮೆಟ್ಟಿದಳು.

ಜೀನ್ಸ್ ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ಕೂತು ಕೂತು ಅಮರೇಶನ ಹೊಟ್ಟೆ ಮಂಡಕ್ಕಿ ಚೀಲದಂತೆ ಬೆಳೆದಿತ್ತು. ಗುಡ್ಡದ ಮೊದಲ ತಿರುವಿಗೇ ಅವನ ಉಸಿರು ಹಳೇ ಪಂಪ್‌ಸೆಟ್ಟಿನಂತೆ ಸದ್ದು ಮಾಡತೊಡಗಿತು. ಎರಡನೆಯದರಲ್ಲಿ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಮೂರನೆಯದರಲ್ಲಿ ಪ್ಯಾಂಟಿನ ಗುಂಡಿ ಟಪ್ಪೆಂದು ಸಿಡಿದು ಬಂಡೆಯ ಮೇಲೆ ಕುಣಿಯುತ್ತ ಕೆಳಗುರುಳಿತು.

"ಬಿಟ್ಟುಬಿಡಪ್ಪ, ಗುಂಡಿ ಊರು ಸೇರ್ತು," ಎಂದಳು ಈರಮ್ಮ.

ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದರಲ್ಲಿ ಚಪ್ಪಲಿ ಹಿಡಿದು ಅವನು ತಲೆಯೆತ್ತಿ ನೋಡಿದ. ಮಂಡಿನೋವಿನ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆಡಿನಂತೆ ಮೇಲೆ ಮೇಲೆ ಹೋಗುತ್ತಿದ್ದಳು!

ಕೊನೆಗೆ ಅಂಜನಾ ಮುಂದಿನಿಂದ ಎಳೆದು, ಈರಮ್ಮ ಹಿಂದಿನಿಂದ ನೂಕಿ, ಅವನನ್ನು ನೆತ್ತಿಗೆ ಮುಟ್ಟಿಸಿದರು. ಬೈಯಲೆಂದು ಬಾಯಿ ತೆರೆದ ಅಮರೇಶ ಹಾಗೆಯೇ ನಿಂತುಬಿಟ್ಟ.

ಕಾಲಡಿ ಆನೆಗಳು ಒಂದರ ಮೇಲೊಂದು ಮಲಗಿದಂಥ ಬಂಡೆಗಳು. ಅವುಗಳ ನಡುವೆ, ಅಷ್ಟು ಎತ್ತರದಲ್ಲಿ, ಆಕಾಶವನ್ನೇ ತುಂಬಿಕೊಂಡ ನೀರಿನ ಹೊಂಡ. ಕೆಳಗೆ ಇಡೀ ಬಳ್ಳಾರಿ ಅಂಗೈಯಷ್ಟು. ರೈಲು ಸಾಸಿವೆ ಸಾಲಿನಂತೆ ಹರಿಯುತ್ತಿತ್ತು. ದೂರ, ಸಿರುಗುಪ್ಪದ ದಿಕ್ಕಿಗೆ, ಬತ್ತದ ಹಸಿರು ಮಂಜಿನಲ್ಲಿ ಕರಗಿತ್ತು. ಇದೇ ಗುಡ್ಡದ ಬುಡದಲ್ಲಿ ಹುಟ್ಟಿ ಬೆಳೆದವನು ಇದನ್ನು ಒಮ್ಮೆಯೂ ನೋಡಿರಲಿಲ್ಲ. ಅವನ ಕಣ್ಣು ತೇವಗೊಂಡವು.

"ಅವ್ವಾ, ಎಷ್ಟು ದೊಡ್ಡದೈತಿ ಲೋಕ!"

ಅವ್ವ ನಕ್ಕಳು. ಒಂದು ವಾರದ ಮೇಲೆ, ಹಲ್ಲೆಲ್ಲ ಕಾಣುವಂತೆ. ಗೆದ್ದೆ ಎಂದುಕೊಂಡ ಅಮರೇಶ.

ಅಷ್ಟರಲ್ಲಿ ಕೋಟೆಯ ಕಾವಲುಗಾರ ಬಂದ. "ಏನ್ರವ್ವಾ, ದಿನಾ ಸೂರ್ಯ ಹುಟ್ಟೋ ಮುಂಚೆ ಬರೋರು, ಇವತ್ತು ಇಷ್ಟ್ಯಾಕ ತಡ? ಓ, ಮಗನ್ನ ಕರ್ಕೊಂಡು ಬಂದೀರೇನು! ಅಂತೂ ಒಪ್ಪಿದ್ನ?"

ಅಮರೇಶ ತಂಗಿಯತ್ತ ತಿರುಗಿದ. ಅಂಜನಾ ಮೋಡ ನೋಡುತ್ತಿದ್ದಳು.

"ನಿಮ್ಮಪ್ಪನೂ ಹಿಂಗ ಕುಂತು ಕುಂತೇ ಹೋದ," ಎಂದಳು ಜಂಬಮ್ಮ. "ನಿನ್ನ ನೋಡಿದಾಗೆಲ್ಲ ಹೊಟ್ಯಾಗ ಬೆಂಕಿ ಬೀಳ್ತಿತ್ತು. ನೀ ಏಳೋದ್ರೊಳಗ ದಿನಾ ಹತ್ತಿಳಿದು ನನ್ನ ಮಂಡಿನೋವೇ ಹೋತು; ನಡಿಯಾಕ ಬಾ ಅಂದ್ರ ನೀ ಕೇಳಾಂವಲ್ಲ. ಅದಕ್ಕ ಹೋದ ವಾರ ಅಂಜನಾ ಫೋನಿನ್ಯಾಗ ಅಂದ್ಲು, ಮಾತು ಬಿಡು, ಅಣ್ಣ ತಾನಾಗೇ ಹತ್ತತಾನ ಅಂತ. ಈಗ ನನ್ನ ಜೀವ ಹಗುರಾತು. ನಾಳಿಂದ ದಿನಾ ಬರೋಣು."

ಅಮರೇಶ ಬಂಡೆಯ ಮೇಲೆ ದೊಪ್ಪನೆ ಕುಸಿದ. "ಅವ್ವಾ, ನನಗ ಇಳಿಯಾಕೂ ಆಗಂಗಿಲ್ಲ. ನಾ ಇಲ್ಲೇ ಇರ್ತೀನಿ."

"ಇರಪ್ಪ," ಎಂದಳು ಅವ್ವ, ಸೆರಗು ಝಾಡಿಸಿ ಏಳುತ್ತ. "ಹೆಂಗೂ ಮುಂಜಾನೆ ನಾವು ಬರ್ತೀವಿ. ಅಷ್ಟರೊಳಗ ನೀನು ಕೆಳಗಿಳಿದು ಒಂದು ಸಲ ಹತ್ತಿ ಬಂದಿರು."